ಮುಂಭಾಗಕ್ಕೆ ಪೆಟ್ಟು ಬಿದ್ದ ಹಳೇ ಮಸ್ಟಾಂಗ್: ಮನೆ ಗ್ಯಾರೇಜಿನಲ್ಲಿ ನೆಟ್ಟಗೆ ಮಾಡುವ ಬಗೆ

1965ರಿಂದ 1970ರವರೆಗಿನ ಫೋರ್ಡ್ ಮಸ್ಟಾಂಗ್‌ಗೆ ಪ್ರತ್ಯೇಕ ಚಾಸಿ ಇಲ್ಲ. ಮುಂದಿನ ಎರಡು ರೇಲ್ (ಉದ್ದುದ್ದ ತೊಲೆಗಳು), ಚಕ್ರದ ಒಳಬದಿಯ ಏಪ್ರನ್, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಮೇಲ್ತುದಿ ಹಿಡಿಯುವ ಶಾಕ್ ಟವರ್, ರೇಡಿಯೇಟರ್ ಹೊರುವ ರೇಡಿಯೇಟರ್ ಸಪೋರ್ಟ್ ಎಲ್ಲವೂ ಸ್ಪಾಟ್ ವೆಲ್ಡ್‌ನಿಂದ (ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆ) ಒಂದಕ್ಕೊಂದು ಹಿಡಿದುಕೊಂಡ ತಗಡು. 1967–69ರ ಷೆವರ್ಲೆ ಕ್ಯಾಮರೋದಲ್ಲಾದರೆ ಮುಂದಿನ ಸಬ್‌ಫ್ರೇಮನ್ನು (ಎಂಜಿನ್ ಹೊರುವ ಚೌಕಟ್ಟು) ಬೋಲ್ಟ್ ಬಿಚ್ಚಿ ಇಳಿಸಬಹುದು. ಇಲ್ಲಿ ಆ ಅನುಕೂಲವಿಲ್ಲ. ಬಂಪರಿಗೆ ಬಿದ್ದ ಪೆಟ್ಟು ರೇಲ್ ಹಿಡಿದು ಫೈರ್‌ವಾಲ್‌ವರೆಗೂ, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯವರೆಗೂ, ಸಾಗಬಲ್ಲದು. ಹಾಗಾಗಿ ಈ ರಿಪೇರಿಯಲ್ಲಿ ವೆಲ್ಡಿಂಗ್‌ಗಿಂತ ಅಳತೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಬೇಕು.

ಮನೆಯಲ್ಲಿ ಆಗುವ ಕೆಲಸವೇ?

ಬಾಗಿಲು ತೆರೆದು ಮುಚ್ಚಿ ನೋಡಿ. ಫೆಂಡರ್ ಮತ್ತು ಬಾಗಿಲ ನಡುವಿನ ಸಂದು ಮಾತ್ರ ಕಿರಿದಾಗಿದ್ದರೆ ಪೆಟ್ಟು ಮುಂದೆಯೇ ನಿಂತಿರುವ ಸಾಧ್ಯತೆ ಹೆಚ್ಚು. ಬಾಗಿಲ ಹಿಂಬದಿಯ ಸಂದೂ ಮೇಲೆ ಕೆಳಗೆ ಬೇರೆಬೇರೆಯಾಗಿದ್ದರೆ, ಹಿಂಜ್ ಹಳೆಯದಾಗಿ ಸವೆದಿಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಸವೆದಿಲ್ಲವಾದರೆ ಹಿಂಜ್ ಕಂಬವೇ ಸರಿದಿದೆ. ಫೈರ್‌ವಾಲ್ ಬುಡದಲ್ಲಿ, ರೇಲನ್ನು ಬಾಗಿಲ ಕೆಳಗಿನ ತೊಲೆಗೆ ಜೋಡಿಸುವ ಟಾರ್ಕ್ ಬಾಕ್ಸ್‌ನಲ್ಲಿ, ರೇಲಿನ ಮೇಲ್ಮೈಯಲ್ಲಿ ಸುಕ್ಕು ಅಥವಾ ಹೊಸದಾಗಿ ಬಿರಿದ ಅಂಡರ್‌ಕೋಟ್ (ತಳಕ್ಕೆ ಬಳಿದ ಲೇಪ) ಹುಡುಕಿ. ಶಾಕ್ ಟವರಿಗಿಂತ ಹಿಂದೆ ಅಂಥ ಗುರುತು ಕಂಡರೆ ಗಾಡಿಯನ್ನು ಫ್ರೇಮ್ ಬೆಂಚ್ (ಬಾಡಿಯನ್ನು ಬಿಗಿದು ಎಳೆದು ನೆಟ್ಟಗೆ ಮಾಡುವ ಯಂತ್ರ) ಇರುವ ಕಡೆಗೇ ಒಯ್ಯಿರಿ. ರೇಡಿಯೇಟರ್ ಸಪೋರ್ಟ್, ಏಪ್ರನ್ನಿನ ಮುಂಭಾಗ, ರೇಲಿನ ತುದಿ ಇಷ್ಟೇ ಹೋಗಿದ್ದರೆ ಮನೆಯಲ್ಲಿ ಮಾಡಬಹುದು.

ಇನ್ನೊಂದು ಮಾತು ಈಗಲೇ. ಗಾಡಿಯ ಗುರುತಿನ ಸಂಖ್ಯೆಯನ್ನು ಎಡಗಡೆ ಏಪ್ರನ್ನಿನ ಮೇಲಂಚಿನಲ್ಲಿ ಕೊರೆದಿರುತ್ತಾರೆ. ಅದನ್ನು ಕತ್ತರಿಸಿ ತೆಗೆಯುವುದು, ಬೇರೆಡೆಗೆ ಬೆಸೆಯುವುದು ಅಮೆರಿಕದಲ್ಲಿ ಅಪರಾಧವಾಗಬಹುದು. ಎಡ ಏಪ್ರನ್ ಬದಲಿಸಲೇಬೇಕಾದರೆ ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯನ್ನು ಕೇಳಿದ ಮೇಲೆಯೇ ಕೈ ಹಾಕಿ.

ನಿಲ್ಲಿಸಿ ಅಳೆಯುವುದು

ಬ್ಯಾಟರಿ ತೆಗೆದು, ಪೆಟ್ರೋಲ್ ಲೈನ್ ಖಾಲಿ ಮಾಡಿ ಮುಚ್ಚಿ. ಬಾನೆಟ್, ಫೆಂಡರ್, ಗ್ರಿಲ್, ಎಂಜಿನ್, ಗೇರ್‌ಬಾಕ್ಸ್ ಇಳಿಸಿ. ಕಾಯಿಲ್ ಸ್ಪ್ರಿಂಗ್, ಚಕ್ರವನ್ನು ಹಿಡಿಯುವ ಎರಡು ಕಂಟ್ರೋಲ್ ಆರ್ಮುಗಳಲ್ಲಿ ಮೇಲಿನದರ ಮೇಲೆ ಕೂತಿರುತ್ತದೆ. ಈ ಗಾಡಿಗೆ ಹೊಂದುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದನ್ನು ಮುಟ್ಟಬೇಡಿ. ಅದರಲ್ಲಿ ಅಡಗಿರುವ ಒತ್ತಡ ಪ್ರಾಣ ತೆಗೆಯುವಷ್ಟಿದೆ.

ಗಟ್ಟಿ ಕಾಂಕ್ರೀಟ್ ನೆಲದ ಮೇಲೆ ನಾಲ್ಕು ಸ್ಟ್ಯಾಂಡ್ ಇಡಿ: ಎರಡು ಹಿಂದಿನ ಆಕ್ಸಲ್ ಕೆಳಗೆ, ಎರಡು ಮುಂಚಕ್ರದ ಹಿಂದೆ ರೇಲಿನ ಕೆಳಗೆ. ರಾಕರ್ (ಬಾಗಿಲ ಕೆಳಗಿನ ತೊಲೆ) ಮೇಲೆ ರಸಮಟ್ಟ ಇಟ್ಟು ಎಡ-ಬಲ ಸಮ ಮಾಡಿ. ಕನ್ವರ್ಟಿಬಲ್ ಆದರೆ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ಕಟ್ಟದೆ ಮುಂದುವರಿಯಬೇಡಿ. ಮಾಡು ಇಲ್ಲದ ಬಾಡಿ ನಡುವೆ ಜಗ್ಗಿಬಿಡುತ್ತದೆ.

ಈಗ ತೂಗುಗುಂಡು. ಪೆಟ್ಟು ತಾಗದ ಜಾಗದಲ್ಲಿ, ಅಂದರೆ ಫೈರ್‌ವಾಲಿನ ಹಿಂದೆ ರೇಲಿನಲ್ಲಿರುವ ಎಡ-ಬಲ ಜೋಡಿ ತೂತುಗಳಿಂದ ಶುರು ಮಾಡಿ. ಆಮೇಲೆ ಕೆಳ ಕಂಟ್ರೋಲ್ ಆರ್ಮ್ ಬೋಲ್ಟ್, ಆ ಆರ್ಮನ್ನು ಮುಂದಕ್ಕೆ ಕಟ್ಟುವ ಸ್ಟ್ರಟ್ ರಾಡಿನ ಬ್ರಾಕೆಟ್, ರೇಲಿನ ತುದಿ, ಹೀಗೆ ಒಂದೊಂದು ಜೋಡಿಯಿಂದಲೂ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಎಡ ಹಿಂದಿನಿಂದ ಬಲ ಮುಂದಕ್ಕೆ, ಬಲ ಹಿಂದಿನಿಂದ ಎಡ ಮುಂದಕ್ಕೆ ಅಡ್ಡ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಸರಿ. ಪ್ರತಿ ಬಿಂದುವಿನ ಎತ್ತರವನ್ನೂ ಬರೆದುಕೊಳ್ಳಿ, ಏಕೆಂದರೆ ಅಡ್ಡ ಅಳತೆ ಸರಿಯಿದ್ದೂ ರೇಲಿನ ತುದಿ ಮೇಲೆದ್ದಿರಬಹುದು. ಫೋರ್ಡ್‌ನ ಆ ವರ್ಷದ ಶಾಪ್ ಮ್ಯಾನ್ಯುಯಲ್‌ನಲ್ಲಿರುವ ಬಾಡಿ ಅಳತೆಗಳ ಚಿತ್ರವನ್ನು ಗೋಡೆಗೆ ಅಂಟಿಸಿಕೊಳ್ಳಿ.

ಮೊದಲು ಎಳೆಯಿರಿ, ಆಮೇಲೆ ಕತ್ತರಿಸಿ

ನಜ್ಜುಗುಜ್ಜಾದ ತಗಡನ್ನು ಮೊದಲೇ ಕತ್ತರಿಸಿ ಎಸೆಯುವುದೇ ಹೆಚ್ಚಿನವರು ಮಾಡುವ ತಪ್ಪು. ಹಿಂದೆ ಸರಿದ ಭಾಗವನ್ನು ಮುಂದಕ್ಕೆ ಎಳೆಯಲು ಹಿಡಿತ ಬೇಕು, ಆ ಹಿಡಿತ ಇರುವುದು ಕೆಟ್ಟ ತಗಡಿನಲ್ಲೇ. ರಾಕರ್ ಕೆಳಗಿನ ಅಂಚನ್ನು ನಾಲ್ಕು ಕಡೆ ಕ್ಲ್ಯಾಂಪಿನಿಂದ ಬಿಗಿದು, ಪೆಟ್ಟು ಬಂದ ದಿಕ್ಕಿಗೆ ಸರಿಯಾಗಿ ಎದುರು ದಿಕ್ಕಿಗೆ ಚೈನ್ ಎಳೆಯಿರಿ. ಸ್ವಲ್ಪ ಎಳೆದು ನಿಲ್ಲಿಸಿ, ಬಿಗಿ ಇರುವಾಗಲೇ ಸುಕ್ಕಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಚೈನ್ ಸಡಿಲಿಸಿ ಮತ್ತೆ ಅಳೆಯಿರಿ. ತಗಡು ತುಸು ಹಿಂದಕ್ಕೆ ಬರುವುದರಿಂದ ಒಂದೆರಡು ಮಿ.ಮೀ. ಹೆಚ್ಚು ಎಳೆಯಬೇಕಾಗುತ್ತದೆ. ಗ್ಯಾಸ್ ಕಾವು ಕೊಡಬೇಡಿ. ಚೈನ್ ಮೇಲೆ ದಪ್ಪ ಕಂಬಳಿ ಹೊದಿಸಿ, ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಶಾಕ್ ಟವರುಗಳ ಕತೆ ಬೇರೆ. ಅಪಘಾತವೇ ಆಗದ ಗಾಡಿಯಲ್ಲೂ ಅವು ವರ್ಷಗಳ ಭಾರಕ್ಕೆ ಒಳಕ್ಕೆ ವಾಲಿರುತ್ತವೆ. ಎರಡು ಟವರುಗಳ ನಡುವೆ ಹಾಕುವ ಮಾಂಟೆ ಕಾರ್ಲೋ ಬಾರ್ ತೂತಿಗೆ ಕೂರದಿದ್ದರೆ ಅದೇ ಸೂಚನೆ. ನಡುವೆ ಹೈಡ್ರಾಲಿಕ್ ರ‍್ಯಾಮ್ ಇಟ್ಟು ನಿಧಾನವಾಗಿ ಅಗಲಿಸಿ, ಮಧ್ಯರೇಖೆಯಿಂದ ಎರಡೂ ಕಡೆ ಅಳೆಯುತ್ತ ಹೋಗಿ. ಒಂದೇ ಟವರ್ ವಾಲಿದ್ದರೆ ಸರಿ ಇರುವುದೂ ಹೊರಕ್ಕೆ ಹೋದೀತು. ಮೇಲಿನ ಆರ್ಮ್ ಬೋಲ್ಟುಗಳ ಸುತ್ತ ಬಿರುಕು ಕಂಡರೆ ಅದರ ತುದಿಗೆ 3 ಮಿ.ಮೀ. ತೂತು ಕೊರೆದು, ಬಿರುಕನ್ನು ವಿ ಆಕಾರಕ್ಕೆ ಉಜ್ಜಿ ಬೆಸೆದು, ಮೇಲೆ ಬಲವರ್ಧನೆಯ ಪ್ಲೇಟ್ ಕೂರಿಸಿ.

ಅಳತೆ ಕೂಡಿದ ಮೇಲೆ ಸ್ಪಾಟ್ ವೆಲ್ಡ್ ಬಿಡಿಸಿ. ತಂತಿ ಬ್ರಷ್‌ನಿಂದ ಬಣ್ಣ ಕೆರೆದರೆ ಗುಂಡಗಿನ ಗುಳಿಗಳು ಕಾಣುತ್ತವೆ. ಅವನ್ನು ಎಣಿಸಿ ಬರೆದಿಡಿ. ನಡುವೆ ಪಂಚ್ ಹೊಡೆದು, 8 ಅಥವಾ 10 ಮಿ.ಮೀ. ಸ್ಪಾಟ್ ವೆಲ್ಡ್ ಕಟರಿನಿಂದ ಮೇಲಿನ ಪದರ ಮಾತ್ರ ಕೊರೆಯಿರಿ. ಬಲಗಡೆ ಏಪ್ರನ್ ಬಿಚ್ಚಿದಾಗ ಬ್ಯಾಟರಿ ತಟ್ಟೆಯ ಕೆಳಗಿನ ರೇಲನ್ನು ಚೂಪು ಸುತ್ತಿಗೆಯಿಂದ ಕುಟ್ಟಿ ನೋಡಿ. ಆಸಿಡ್ ಸೋರಿ ಅಲ್ಲಿ ತುಕ್ಕು ಹಿಡಿದಿರುವುದು ತೀರಾ ಸಾಮಾನ್ಯ, ತೂತಾದ ರೇಲಿಗೆ ಹೊಸ ಏಪ್ರನ್ ಬೆಸೆದು ಫಲವಿಲ್ಲ.

ಕೂರಿಸಿ ನೋಡಿ ಬೆಸೆಯುವುದು

ಹೊಸ ತಗಡುಗಳನ್ನು ಕ್ಲ್ಯಾಂಪ್ ಮತ್ತು ಸ್ಕ್ರೂಗಳಿಂದಷ್ಟೇ ಹಿಡಿಸಿ. ನಂತರ ಫೆಂಡರ್, ಬಾನೆಟ್, ಗ್ರಿಲ್ ಎಲ್ಲವನ್ನೂ ತೂಗುಹಾಕಿ ಸಂದು ನೋಡಿ. ಮಾರುಕಟ್ಟೆಯ ಹೊಸ ರೇಡಿಯೇಟರ್ ಸಪೋರ್ಟ್‌ಗಳ ತೂತು ಒಂದೆರಡು ಮಿ.ಮೀ. ಆಚೀಚೆ ಇರುವುದುಂಟು, ಅದನ್ನು ಈ ಹಂತದಲ್ಲಿ ಸರಿಪಡಿಸುವುದು ಸುಲಭ, ಬೆಸೆದ ಮೇಲೆ ಕಷ್ಟ. ಅಡ್ಡ ಅಳತೆ ಮತ್ತೊಮ್ಮೆ ತೆಗೆಯಿರಿ.

ಮಿಗ್ ವೆಲ್ಡರ್ (ತಂತಿಯನ್ನು ತಾನೇ ಉಣಿಸುತ್ತ ಗ್ಯಾಸಿನ ಮರೆಯಲ್ಲಿ ಬೆಸೆಯುವ ಯಂತ್ರ), 0.8 ಮಿ.ಮೀ. ತಂತಿ, 75 ಪಾಲು ಆರ್ಗಾನ್‌ಗೆ 25 ಪಾಲು ಇಂಗಾಲದ ಡೈಆಕ್ಸೈಡ್. ಮೇಲಿನ ತಗಡಿನಲ್ಲಿ 8 ಮಿ.ಮೀ. ತೂತು ಕೊರೆದು, ಕೂಡುವ ಮೈಗಳಿಗೆ ಸತುವಿನ ವೆಲ್ಡ್ ಪ್ರೈಮರ್ ಬಳಿದು, ತೂತಿನೊಳಗಿನ ಪ್ರೈಮರನ್ನು ಮಾತ್ರ ಕೆರೆದು ತೆಗೆಯಿರಿ. ಸತುವಿನ ಹೊಗೆ ಕೆಟ್ಟದ್ದು, ಬಾಗಿಲು ತೆರೆದಿಟ್ಟು ಮಾಸ್ಕ್ ಹಾಕಿಕೊಳ್ಳಿ. ಆರ್ಕ್ ಅನ್ನು ಕೆಳಗಿನ ತಗಡಿನ ನಡುವೆ ಹೊತ್ತಿಸಿ, ಹೊರಕ್ಕೆ ಸುತ್ತುತ್ತ ತುಂಬಿ. ಮೊದಲು ಅದೇ ದಪ್ಪದ ಚೂರುಗಳ ಮೇಲೆ ಬೆಸೆದು ಉಳಿಯಿಂದ ಎಬ್ಬಿಸಿ ನೋಡಿ: ತಗಡು ಹರಿದು ತೂತು ಬಿದ್ದರೆ ಬೆಸುಗೆ ಗಟ್ಟಿ, ಬೆಸುಗೆ ಇಡಿಯಾಗಿ ಎದ್ದು ಬಂದರೆ ಕಾವು ಸಾಲದು. ಗಾಡಿಯ ಮೇಲೆ ಎಡಕ್ಕೊಂದು ಬಲಕ್ಕೊಂದು ಹಾಕುತ್ತ ಹೋಗಿ, ಒಂದೇ ಕಡೆ ಸಾಲಾಗಿ ಹಾಕಿದರೆ ಕಾವಿಗೆ ಏಪ್ರನ್ ಸೊಟ್ಟಗಾಗುತ್ತದೆ. ಬಿಚ್ಚುವಾಗ ಎಣಿಸಿದ್ದಕ್ಕಿಂತ ಒಂದೂ ಕಡಿಮೆ ಬೇಡ.

ಆಮೇಲೆ ಎಪಾಕ್ಸಿ ಪ್ರೈಮರ್, ಕೂಡುಗಳಿಗೆ ಸೀಮ್ ಸೀಲರ್, ಬಣ್ಣವೆಲ್ಲ ಮುಗಿದ ಮೇಲೆ ರೇಲಿನ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ನೀರು ಹೋಗುವ ತೂತು ಮುಚ್ಚಬೇಡಿ.

ಕೊನೆಗೆ ವೀಲ್ ಅಲೈನ್‌ಮೆಂಟ್. 1965–66ರಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸರಿಪಡಿಸುವುದು ಮೇಲಿನ ಆರ್ಮ್ ಹಿಂದಿನ ಶಿಮ್‌ಗಳಿಂದ (ಸಂದಿಗೆ ಇಡುವ ತೆಳು ತಗಡು). 1967ರಿಂದ ಕೆಳ ಆರ್ಮಿನ ಎಕ್ಸೆಂಟ್ರಿಕ್ (ಮಧ್ಯ ತಪ್ಪಿಸಿ ತಿರುಗುವ) ಬೋಲ್ಟಿನಿಂದ, ಕ್ಯಾಸ್ಟರ್ (ಚಕ್ರ ತಿರುಗುವ ಸ್ಟಿಯರಿಂಗ್ ಅಕ್ಷ ಹಿಂದೆ ಮುಂದೆ ವಾಲಿರುವ ಕೋನ) ಸ್ಟ್ರಟ್ ರಾಡಿನ ನಟ್‌ಗಳಿಂದ. ಒಂದು ಪಕ್ಕಕ್ಕೆ ಮಾತ್ರ ರಾಶಿ ಶಿಮ್ ಬೇಕಾಯಿತೆಂದರೆ ಆ ಟವರ್ ಇನ್ನೂ ವಾಲಿದೆ. ಕ್ಯಾಸ್ಟರ್ ಒಂದೇ ಕಡೆ ಹೊಂದದಿದ್ದರೆ ಆ ಕಡೆಯ ಸ್ಟ್ರಟ್ ರಾಡ್ ಬ್ರಾಕೆಟ್ ಇನ್ನೂ ಹಿಂದೆಯೇ ಇದೆ ಎಂದರ್ಥ. ಅಂಥದ್ದನ್ನು ಶಿಮ್ ತುಂಬಿ ಮುಚ್ಚದೆ, ಗಾಡಿಯನ್ನು ಮತ್ತೆ ಸ್ಟ್ಯಾಂಡ್ ಮೇಲೆ ಏರಿಸಿ ತೂಗುಗುಂಡು ಇಳಿಬಿಡಿ.