50 ನೋಡಿ ಪಾಸ್ ಮಾಡುತ್ತಿದ್ದವರು 430ಕ್ಕೆ ಬಂದ ಕಥೆ

ನಮ್ಮದು ಪ್ಲಾಸ್ಟಿಕ್ ಮುಚ್ಚಳದ ಕೆಲಸ. 10,000ದ ಲಾಟಿನಿಂದ, ಅಂದರೆ ಒಟ್ಟಿಗೆ ಕಳಿಸುವ ಮಾಲಿನಿಂದ, 50 ಎತ್ತಿ ನೋಡುವುದು, ಸೀಳು ಕಾಣದಿದ್ದರೆ ಕಳಿಸುವುದು. ಮೊದಲಿಂದಲೂ ಹಾಗೇ ನಡೆದಿತ್ತು. ಒಂದು ತಿಂಗಳು ಎರಡು ಲಾಟ್ ವಾಪಸ್ ಬಂದವು. ಹೆಚ್ಚೂಕಮ್ಮಿ ನೂರಕ್ಕೊಂದು ಕೂದಲೆಳೆಯಷ್ಟು ಸೀಳಿತ್ತು. ಸಾಗಣೆ, ಮತ್ತೆ ಆರಿಸುವ ಕೂಲಿ, ಬದಲಿ ಮಾಲು ಸೇರಿ ನಾಲ್ಕು ತಿಂಗಳ ತಪಾಸಣೆ ಖರ್ಚು ಒಂದೇ ಏಟಿಗೆ ಹೋಯಿತು. ಬೈಗುಳ ಬೇರೆ.

ಕೂತು ಲೆಕ್ಕ ಹಾಕಿದೆ. ನೂರಕ್ಕೊಂದು ಸೀಳಿದ್ದರೆ ಎತ್ತಿದ ಒಂದು ಮುಚ್ಚಳ ಒಳ್ಳೆಯದಿರುವ ಸಾಧ್ಯತೆ 0.99; 50ಕ್ಕೆ 50ವೂ ಒಳ್ಳೆಯದಿರಲು 50 ಸಲ 0.99 ಇಟ್ಟು ಗುಣಿಸಿದರೆ ಸುಮಾರು 0.6. ಅಂಥ ಲಾಟ್ ಹತ್ತು ಬಂದರೆ ಆರು ನಮ್ಮ ಕಣ್ಣು ತಪ್ಪಿಸಿ ಹೋಗುತ್ತವೆ! ಒಂದು ಸೀಳಾದರೂ ಸಿಗುತ್ತದೆ ಎಂಬ 95% ಭರವಸೆಗೆ 299 ಬೇಕು. ಈ ಭರವಸೆಗೆ ಸುಲಭದ ಲೆಕ್ಕ: 3ನ್ನು ಸೀಳಿನ ಪ್ರಮಾಣ 0.01ರಿಂದ ಭಾಗಿಸಿ 300 ಎಂದರೆ ಮುಗೀತು.

"ಲಾಟಿನ ವರ್ಗಮೂಲ ತಗೊಂಡ್ರೆ ಸಾಕಲ್ವಾ?" ಎಂದು ಹಿರಿಯರೊಬ್ಬರು ನಕ್ಕರು. ಅದು 100 ಆಯಿತು, ಮೂರರಲ್ಲಿ ಒಂದು ಸಲವಾದರೂ ತಪ್ಪುತ್ತದೆ. ಲಕ್ಷದ ಲಾಟಿಗೂ 300 ಸಾಕು ಎಂದರೆ ಅವರು ಇವತ್ತಿಗೂ ಒಪ್ಪುವುದಿಲ್ಲ. 500ರಷ್ಟು ಸಣ್ಣ ಲಾಟಾದರೆ ಮಾತ್ರ 225ರ ಹತ್ತಿರ ಇಳಿಯುತ್ತದೆ.

300 ಶುರುಮಾಡಿ ಮೂರು ವಾರವೂ ಆಗಿರಲಿಲ್ಲ, ಇನ್ನೊಂದು ಲಾಟ್ ವಾಪಸ್. ಹಿರಿಯರ ಮುಖ ನೋಡಬೇಕಿತ್ತು. ಲೆಕ್ಕ ತಪ್ಪಿರಲಿಲ್ಲ, ತಪ್ಪಿದ್ದು ಕಣ್ಣು. ಸೀಳಿದ 20 ಮುಚ್ಚಳಕ್ಕೆ ಒಳಗಡೆ ಸಣ್ಣ ಗುರುತು ಹಾಕಿ, ಯಾರಿಗೂ ಹೇಳದೆ ಒಳ್ಳೆಯವುಗಳ ಜೊತೆ ಬೆರೆಸಿದೆ. ಸಿಕ್ಕಿದ್ದು 14. ನೂರಕ್ಕೆ 70 ಮಾತ್ರ ಕಾಣುವ ಕಣ್ಣಿಗೆ 300 ಸಾಲದು, 430 ಬೇಕು.

ನಡುವೆ ಬಣ್ಣದ ನೀರಿನಲ್ಲಿ ಅದ್ದಿಯೂ ನೋಡಿದೆ. ಸೀಳಿನೊಳಗೆ ಬಣ್ಣ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಿತು, ಜೊತೆಗೆ ಒಳ್ಳೆಯ ಮುಚ್ಚಳಕ್ಕೂ ಮೆತ್ತಿಕೊಂಡಿತು. ಸುಮ್ನೆ ಒಂದು ಪೆಟ್ಟಿಗೆ ಮಾಲು ಹಾಳು. ಕೊನೆಗೆ ಕೆಲಸಕ್ಕೆ ಬಂದದ್ದು ದೀಪ. ಯಾವ ಕೋನದಲ್ಲಿ ಹಿಡಿಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಸಿಕ್ಕಿಬಿದ್ದ ಮುಚ್ಚಳಗಳ ಒಳಗಿನ ಅಂಕಿ ನೋಡಿದರೆ ಬಹುಪಾಲು 6. ಅದು ಕ್ಯಾವಿಟಿಯ, ಅಂದರೆ ಅಚ್ಚಿನಲ್ಲಿ ಮುಚ್ಚಳ ಮೂಡುವ ಗುಳಿಯ, ಅಂಕಿ. ಎಂಟು ಕ್ಯಾವಿಟಿಯ ಅಚ್ಚಿನಲ್ಲಿ ಅದೊಂದೇ ಕೆಟ್ಟಿತ್ತು, ಅಂದರೆ ಇಡೀ ಲಾಟಿಗೆ ನೂರಕ್ಕೊಂದಾದರೆ ಅದರಲ್ಲಿ ಹೆಚ್ಚೂಕಮ್ಮಿ ನೂರಕ್ಕೆ ಎಂಟು ಸೀಳು. ಈಗ ಮೊದಲು 6ನೇ ಅಂಕಿಯವನ್ನೇ 55ರಷ್ಟು ನೋಡುತ್ತೇನೆ, ಆಮೇಲೆ ಉಳಿದದ್ದು. ಒಂದು ಸೀಳು ಸಿಕ್ಕರೂ ಅಲ್ಲಿಗೇ ನಿಲ್ಲಿಸುತ್ತೇವೆ, ಹಾಗಾಗಿ ಕೆಟ್ಟ ಲಾಟಿಗೆ ಕೂಲಿ ಕಮ್ಮಿ.

ವರ್ಷವಾಯಿತು. ಹತ್ತಾರು ಲಾಟ್ ಇಲ್ಲೇ ತಡೆದಿದ್ದೇವೆ. ಒಂದೇ ಒಂದು ವಾಪಸ್ ಬಂತು. ಅದರಲ್ಲಿ ಸೀಳಿರಲಿಲ್ಲ, ಬಣ್ಣ ಬೇರೆ ಇತ್ತು. 430 ಮುಚ್ಚಳ ನೋಡಿದವನು ನಾನೇ.