ನಾಯಿ ಇರುವ ಮನೆಯ ತೇಗದ ನೆಲ: ನಾನೇ ರಿಪೇರಿ ಮಾಡಿದ ಬಗೆ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಹಳೆ ಮನೆಗೆ ಕೆಳಗಡೆ ಪೂರ್ತಿ ರೆಡ್ ಆಕ್ಸೈಡ್ ನೆಲ. ಮಹಡಿಯ ಒಂದು ಕೋಣೆಗೆ ಮಾತ್ರ ತೊಲೆಗಳ ಮೇಲೆ ತೇಗದ ಹಲಗೆ ಹಾಸಿದ್ದಾರೆ. ನಮ್ಮ ನಾಯಿ ರಾಜನಿಗೆ ಆ ಕೋಣೆ ಅಂದರೆ ಪ್ರಾಣ. ವಯಸ್ಸಾದ ಮೇಲೆ ಅವನಿಗೆ ಮೂತ್ರ ತಡೆಯಲು ಆಗುತ್ತಿರಲಿಲ್ಲ, ಮಲಗಿದಲ್ಲೇ ಆಗಿಬಿಡುತ್ತಿತ್ತು. ಕಿಟಕಿ ಪಕ್ಕದ ಮೂಲೆ ಕಪ್ಪಾಯಿತು. ಬಾಗಿಲ ಹತ್ತಿರ ವರ್ಷಗಟ್ಟಲೆ ಉಗುರು ಗೀಚಿದ ಗುರುತುಗಳಿದ್ದವು. ಮಳೆ ಬಂದರೆ ಸಾಕು, ಮೆಟ್ಟಿಲು ಹತ್ತುವಾಗಲೇ ವಾಸನೆ.

ನೋಡಿದವರೆಲ್ಲ ಕೊಟ್ಟ ಸಲಹೆ ಎರಡೇ. ಹಲಗೆ ಕಿತ್ತು ಟೈಲ್ಸ್ ಹಾಕಿಸಿ, ಇಲ್ಲವೇ ಮೇಲೆ ವಿನೈಲ್ ಹಾಸಿ ಮುಚ್ಚಿಬಿಡಿ. ಇಡೀ ನೆಲವನ್ನು ಮೆಷಿನ್‌ನಲ್ಲಿ ಉಜ್ಜಿ ಪಾಲಿಶ್ ಮಾಡಿಸಲು ವಿಚಾರಿಸಿದೆ. ಹೇಳಿದ ರೇಟು ನಮ್ಮ ಕೈಗೆ ಎಟುಕುವ ಹಾಗಿರಲಿಲ್ಲ. ಆದರೆ ಅಂಥ ಅಗಲದ ಹಳೆ ತೇಗವನ್ನು ಇವತ್ತು ಕೊಳ್ಳಲು ಹೋದರೆ ಅದರ ಹತ್ತು ಪಟ್ಟು ಕೊಟ್ಟರೂ ಸಿಗುವುದು ಕಷ್ಟ. ಅದನ್ನು ಕಿತ್ತು ಹಾಕಲು ನನಗೆ ಮನಸ್ಸೇ ಬರಲಿಲ್ಲ.

ಹೀಗೇ ಕೆಟ್ಟಿರುವ ನೆಲ ನಿಮ್ಮ ಮನೆಯಲ್ಲೂ ಇದ್ದರೆ ನಾನು ಹೇಳುವುದು ಇಷ್ಟೇ. ಇಡೀ ನೆಲ ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದೊಂದೇ ಹಲಗೆ ನೋಡಿ. ಕಲೆ ಪಾಲಿಶ್‌ನಲ್ಲಿದೆಯಾ, ಮರದೊಳಗಿದೆಯಾ, ಎಷ್ಟು ಆಳ ಇಳಿದಿದೆ ಅನ್ನುವುದು ಗೊತ್ತಾದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಇದಕ್ಕೆ ದುಬಾರಿ ಸಾಮಾನು ಬೇಡ. ಹಲಗೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಪಾಲಿಶ್ ಇನ್ನೂ ಗಟ್ಟಿಯಾಗಿದೆ. ಹೀರಿಕೊಂಡು ಮರ ಕಪ್ಪಗಾದರೆ ಪಾಲಿಶ್ ಹೋಗಿದೆ. ಆಮೇಲೆ ಬಟ್ಟೆಗೆ ಸ್ವಲ್ಪ ಪಾಲಿಶ್ ಸ್ಪಿರಿಟ್ ಹಾಕಿ ಮೂಲೆಯಲ್ಲಿ ಉಜ್ಜಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್ ಅನ್ನುತ್ತಾರಲ್ಲ, ಅದೇ. ಹಳೆ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಇದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಬರುತ್ತದೆ. ಅದು ಕ್ಷಾರ. ಹಾಗಾಗಿ ಒಂದೇ ಜಾಗ ಪದೇ ಪದೇ ನೆನೆದರೆ ಪಾಲಿಶ್ ಮೊದಲು ಮೆತ್ತಗಾಗುತ್ತದೆ, ಆಮೇಲೆ ಎಲ್ಲವೂ ಮರಕ್ಕೆ ಇಳಿಯುತ್ತದೆ.

ಇನ್ನೊಂದು ಉಪಾಯ, ಖೋಟಾ ನೋಟು ಪತ್ತೆ ಮಾಡುವ ನೇರಳೆ ಟಾರ್ಚ್. ರಾತ್ರಿ ದೀಪ ಆರಿಸಿ ನೆಲದ ಮೇಲೆ ಹಿಡಿದರೆ ಒಣಗಿದ ಮೂತ್ರ ಹಳದಿ ಹಸಿರಾಗಿ ಹೊಳೆಯುತ್ತದೆ. ನಮ್ಮ ಕೋಣೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಕಪ್ಪು ಕಲೆಗಿಂತ ಹೊಳೆಯುವ ಜಾಗ ತುಂಬಾ ಜಾಸ್ತಿ ಇತ್ತು. ಎರಡು ಹಲಗೆ ಸೇರುವ ಸಂದಿಯಲ್ಲಿ ಉದ್ದಕ್ಕೂ ಹರಿದು ಹೋಗಿತ್ತು. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಹಾಕಿಕೊಂಡೆ. ಮುಂದಿನ ಕೆಲಸವೆಲ್ಲ ಆ ಗೆರೆಯೊಳಗೆ.

ಮೊದಲು ವಾಸನೆ, ಆಮೇಲೆ ಬಣ್ಣ. ಈ ಕ್ರಮ ಬದಲಾಯಿಸಬೇಡಿ. ವಾಸನೆ ಉಳಿದ ಮರದ ಮೇಲೆ ಪಾಲಿಶ್ ಹೊಡೆದರೆ ಸ್ವಲ್ಪ ದಿನ ಚೆನ್ನಾಗಿರುತ್ತದೆ. ಆದರೆ ಒಣಗಿದ ಮೂತ್ರದ ಉಳಿಕೆಗಳು ಮೇಲೆ ಒರೆಸಿದರೆ ಹೋಗುವುದಿಲ್ಲ. ಮರದೊಳಗೇ ಕೂತಿರುತ್ತವೆ. ಮುಂಗಾರಿನ ತೇವ ಬಂದ ಕೂಡಲೇ ವಾಸನೆ ಮತ್ತೆ ಏಳುತ್ತದೆ. ಫಿನಾಯಿಲ್ ಹಾಕಿ ಒರೆಸುವುದು ನಮ್ಮೆಲ್ಲರ ಮನೆಯ ಅಭ್ಯಾಸ, ಅಲ್ವಾ? ಅದು ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಅಷ್ಟೇ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ. ಅದು ಅಮೋನಿಯಾದ ಜೊತೆ ಸೇರಿದರೆ ಕ್ಲೋರಮೈನ್ ಅನ್ನುವ ವಿಷದ ಗಾಳಿ ಬರುತ್ತದೆ. ನಾಯಿಗೂ ಕೆಟ್ಟದ್ದು, ನಿಮಗೂ ಕೆಟ್ಟದ್ದು.

ಇಲ್ಲಿ ಕೆಲಸಕ್ಕೆ ಬಂದದ್ದು ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಮೂತ್ರದ ಅಂಶಗಳನ್ನು ಒಡೆಯುವ ಎನ್‌ಜೈಮ್ ಕ್ಲೀನರ್. ನಾನು ಧಾರಾಳವಾಗಿ ದುಡ್ಡು ಖರ್ಚು ಮಾಡಿದ್ದು ಇದೊಂದಕ್ಕೇ. ಇದು ನಿಧಾನಕ್ಕೆ ಕೆಲಸ ಮಾಡುತ್ತದೆ, ಅಲ್ಲಿಯವರೆಗೆ ಒಣಗಬಾರದು. ಹಳೆ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಕಲೆಯ ಮೇಲೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ತೆಗೆದು ಒಣಗಲು ಬಿಟ್ಟೆ. ಮೂಗು ಸಾಕು ಅನ್ನುವವರೆಗೆ ಹೀಗೇ ಮಾಡಿದೆ. ಬಕೆಟ್‌ನಲ್ಲಿ ಸುರಿಯಬೇಡಿ. ಹಲಗೆ ಉಬ್ಬಿ ಡೊಂಕಾಗುತ್ತದೆ, ಕೊಳಕು ಇನ್ನೂ ಕೆಳಗಿಳಿಯುತ್ತದೆ.

ವಾಸನೆ ಹೋದ ಮೇಲೆ ಗೆರೆಯೊಳಗಿನ ಪಾಲಿಶ್ ತೆಗೆದೆ. ಸ್ಪಿರಿಟ್‌ನಲ್ಲಿ ಒರೆಸಿ, ಉಳಿದದ್ದನ್ನು 80 ನಂಬರ್ ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೇ ಉಜ್ಜಿದೆ. ಅಡ್ಡ ಉಜ್ಜಿದರೆ ಆ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡರೆ ಗುಂಡಿ ಬೀಳುವುದಿಲ್ಲ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಕಾಗದ ಬೇಗ ಸವೆಯುತ್ತದೆ, ಸ್ವಲ್ಪ ಜಾಸ್ತಿಯೇ ತಂದಿಟ್ಟುಕೊಳ್ಳಿ. ಮೂಗಿಗೆ ಮಾಸ್ಕ್ ಇರಲಿ, ತೇಗದ ಧೂಳು ಕೆಲವರಿಗೆ ಕೆರೆತ ತರುತ್ತದೆ.

ಬರಿ ಮರ ಕಂಡ ಮೇಲೆ ನೋಡಿದರೆ ಕಲೆಯಲ್ಲೂ ಎರಡು ಥರ ಇತ್ತು. ಒಂದು ಕಂದು ಬಣ್ಣದ್ದು, ಅಂಚು ಮಸುಕು. ಇನ್ನೊಂದು ಮೊಳೆಗಳ ಸುತ್ತ ಶಾಯಿ ಚೆಲ್ಲಿದ ಹಾಗೆ ನೀಲಿ ಕಪ್ಪು. ಇವೆರಡಕ್ಕೂ ಮದ್ದು ಬೇರೆ ಬೇರೆ. ಕಂದು ಕಲೆಗೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಗಾಯ ತೊಳೆಯಲು ಕೊಡುತ್ತಾರಲ್ಲ, 6% ಇರುವುದು. ಅದೇ ರೀತಿ ಬಟ್ಟೆ ಅದ್ದಿ ಹಾಸಿ, ಪ್ಲಾಸ್ಟಿಕ್ ಮುಚ್ಚಿ, ಗಂಟೆಗೊಮ್ಮೆ ಎತ್ತಿ ನೋಡುತ್ತಾ ಇದ್ದೆ. ಅಂಚಿನಿಂದ ಒಳಕ್ಕೆ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಅಕ್ಕಪಕ್ಕದ ಮರದ ಬಣ್ಣಕ್ಕೆ ಸಮ ಆದ ಕೂಡಲೇ ತೆಗೆದುಬಿಡಬೇಕು, ಇಲ್ಲವಾದರೆ ಬಿಳಿಚಿಕೊಳ್ಳುತ್ತದೆ. ಇದರ ಜೊತೆ ವಿನೆಗರ್ ಬೆರೆಸಬೇಡಿ, ಎರಡೂ ಸೇರಿದರೆ ಕಣ್ಣು ಮೂಗು ಉರಿಸುವ ಆಮ್ಲ ಆಗುತ್ತದೆ.

ಮೊಳೆಯ ಸುತ್ತಲಿನ ಕಪ್ಪು ಮಾತ್ರ ಪೆರಾಕ್ಸೈಡ್‌ಗೆ ಜಗ್ಗಲಿಲ್ಲ. ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ, ಮೊಳೆಯ ಕಬ್ಬಿಣ, ಮೇಲೆ ತೇವ. ಮೂರೂ ಸೇರಿ ಆದ ಕಪ್ಪು ಅದು. ಹಿಂದೆ ಬರೆಯುವ ಶಾಯಿಯನ್ನೂ ಟ್ಯಾನಿನ್ ಮತ್ತು ಕಬ್ಬಿಣದ ಉಪ್ಪಿನಿಂದಲೇ ಮಾಡುತ್ತಿದ್ದರು. ಇದಕ್ಕೆ ಆಕ್ಸಾಲಿಕ್ ಆಮ್ಲ ಬೇಕು. ತುಕ್ಕು ತೆಗೆಯಲು ಮಾರುವ ಬಿಳಿ ಪುಡಿ, ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಬಿಸಿನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಬ್ರಷ್‌ನಿಂದ ಮೊಳೆಯ ಸುತ್ತ ಹಚ್ಚಿದೆ. ಕಣ್ಣೆದುರೇ ಕಪ್ಪು ಕರಗಿ ಬೂದು ಬಣ್ಣಕ್ಕೆ ಬಂತು, ಆಮೇಲೆ ಮರದ ಬಣ್ಣವೇ ಬಂತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ಆದರೆ ಇದು ವಿಷ. ಕೈಗೆ ಗ್ಲೌಸ್ ಬೇಕೇ ಬೇಕು. ಮುಗಿಯುವವರೆಗೆ ಕೋಣೆಗೆ ಬೀಗ, ನಾಯಿಯನ್ನೂ ಮಕ್ಕಳನ್ನೂ ಒಳಗೆ ಬಿಡಬಾರದು. ಒದ್ದೆ ಬಟ್ಟೆಯಲ್ಲಿ ಹಲವು ಸಲ ಒರೆಸಿ, ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಮತ್ತೆ ಬರಿ ನೀರಿನಲ್ಲಿ ಒರೆಸಬೇಕು. ಹಾಗೇ ಒಣಗಲು ಬಿಟ್ಟು ಮೇಲೆ ಉಪ್ಪುಕಾಗದ ಆಡಿಸಿದರೆ ಆ ಪುಡಿ ಗಂಟಲು, ಶ್ವಾಸಕೋಶ ಸೇರುತ್ತದೆ. ತೇವ ಇರುವ ಮರವನ್ನು ಕಬ್ಬಿಣದ ಸ್ಟೀಲ್ ವುಲ್‌ನಿಂದ ಉಜ್ಜುವುದೂ ಬೇಡ. ಅದರ ಚೂರು ಮರದಲ್ಲಿ ಉಳಿದರೆ ಹೊಸ ಕಪ್ಪು ಚುಕ್ಕೆ ಏಳುತ್ತವೆ.

ಒಂದು ಹಲಗೆ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಉಜ್ಜಿದಷ್ಟೂ ಕಪ್ಪೇ. ಪರಿಚಯದ ಬಡಗಿಯೊಬ್ಬರನ್ನು ಕರೆಸಿದೆ. ಅವರು ಮೊಳೆಗಳನ್ನು ಮೆಲ್ಲಗೆ ಎತ್ತಿ ಹಲಗೆಯನ್ನು ಮಗುಚಿದರು. ಅಡಿಭಾಗ ಹೊಸದರ ಹಾಗಿತ್ತು. ಹಿಂದೆ ಕೈಯಿಂದ ಹತ್ತರಿ ಆಡಿಸಿ ನಯ ಮಾಡಿದ ಸಣ್ಣ ಸಣ್ಣ ಅಲೆಗಳು ಇನ್ನೂ ಕಾಣುತ್ತಿದ್ದವು. ಒಂದು ತುದಿಯಲ್ಲಿ ಹಳೆಯ ಬಡಗಿ ಉಳಿಯಲ್ಲಿ ಕೊರೆದಿದ್ದ ಎರಡು ಗೀಟು ಇದ್ದವು, ಯಾವ ಹಲಗೆ ಎಲ್ಲಿಗೆ ಅಂತ ಗುರುತಿಗೆ. ಕಪ್ಪಾದ ಮುಖಕ್ಕೆ ಅರಗು ಹಚ್ಚಿ ಕೆಳಗೆ ಮಾಡಿ, ಕಬ್ಬಿಣದ ಮೊಳೆಯ ಬದಲು ಹಿತ್ತಾಳೆ ಸ್ಕ್ರೂ ಹಾಕಿ ಕೂರಿಸಿದೆವು. ಕೆಳಗಿರುವುದು ಉಗ್ರಾಣ, ಅಲ್ಲಿ ತಲೆಯೆತ್ತಿ ನೋಡುವವರು ಯಾರೂ ಇಲ್ಲ. ಕೂಲಿ ಕೊಟ್ಟು ಮಾಡಿಸಿದ ಕೆಲಸ ಇದೊಂದೇ.

ಇನ್ನು ಗೀರುಗಳು. ಬೆರಳಿನ ಉಗುರನ್ನು ಗೀರಿನ ಮೇಲೆ ಅಡ್ಡ ಎಳೆಯಿರಿ. ಸಿಕ್ಕಿಕೊಳ್ಳದಿದ್ದರೆ ಅದು ಪಾಲಿಶ್‌ನಲ್ಲಿ ಮಾತ್ರ ಇದೆ. ಅರಗಿನ ಪಾಲಿಶ್ ಆದರೆ ಬಟ್ಟೆಯ ಉಂಡೆಗೆ ತೀರಾ ಸ್ವಲ್ಪ ಸ್ಪಿರಿಟ್ ಹಾಕಿ ಹಗುರವಾಗಿ ಆಡಿಸಿ. ಅರಗು ಕರಗಿ ತಾನೇ ಗೀರು ಮುಚ್ಚಿಕೊಳ್ಳುತ್ತದೆ. ನಮ್ಮ ಬಾಗಿಲ ಬಳಿಯ ಗೀರುಗಳಲ್ಲಿ ಬಹುಪಾಲು ಹೀಗೇ ಹೋದವು. ಮರ ಒತ್ತಿಕೊಂಡು ತಗ್ಗಾಗಿದ್ದರೆ ಆ ಜಾಗದ ಪಾಲಿಶ್ ತೆಗೆದು, ಒದ್ದೆ ಬಟ್ಟೆ ಹಾಕಿ, ಮೇಲೆ ಇಸ್ತ್ರಿ ಪೆಟ್ಟಿಗೆ ಒಂದೆರಡು ಕ್ಷಣ ಇಡಿ. ಒತ್ತಿದ ಎಳೆ ಉಬ್ಬಿ ಮೇಲೆ ಬರುತ್ತದೆ. ಎಳೆಯೇ ಕತ್ತರಿಸಿ ಹೋದ ಆಳದ ಗೀರಿಗೆ ಇದು ನಡೆಯುವುದಿಲ್ಲ. ಅದಕ್ಕೆ ಅದೇ ನೆಲವನ್ನು ಉಜ್ಜಿದಾಗ ಬಂದ ತೇಗದ ಪುಡಿಯನ್ನು ಗಟ್ಟಿ ಅರಗಿನಲ್ಲಿ ಕಲಸಿ ತುಂಬಿದೆ. ಅಂಗಡಿಯ ಪುಟ್ಟಿಯ ಬಣ್ಣ ಎಷ್ಟೇ ಮಾಡಿದರೂ ಕೂಡುವುದಿಲ್ಲ.

ಪಾಲಿಶ್‌ಗೆ ಮೊದಲು 120, ಆಮೇಲೆ 180 ನಂಬರ್ ಕಾಗದದಲ್ಲಿ ನಯ ಮಾಡಿದೆ. ಆಗ ಉಜ್ಜಿದ ಜಾಗ ತೇಪೆ ತೇಪೆಯಾಗಿ ಕಾಣುತ್ತದೆ, ಗಾಬರಿ ಬೇಡ. ತೇಗ ಹೊಸದಾಗಿ ಕೊಯ್ದಾಗಲೂ ಹಾಗೇ. ಕಿಟಕಿ ತೆಗೆದು ಬೆಳಕು ಬಿಟ್ಟರೆ ನಿಧಾನಕ್ಕೆ ಜೇನು ಬಣ್ಣಕ್ಕೆ ತಿರುಗಿ ಒಂದಾಗುತ್ತದೆ. ಅದಕ್ಕೇ ಪಾಲಿಶ್‌ಗೆ ಅವಸರ ಮಾಡಲಿಲ್ಲ.

ಪಾಲಿಯುರೆಥೇನ್ ಹಾಕಿ, ಗಟ್ಟಿ ಇರುತ್ತದೆ ಅಂತ ಬಹಳ ಜನ ಹೇಳಿದರು. ಗಟ್ಟಿ ಇರುವುದು ನಿಜ. ಮೂತ್ರಕ್ಕೂ ಅರಗಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಅದರಲ್ಲಿ ಗೀರು ಬಿದ್ದರೆ ಕಾಣದ ಹಾಗೆ ತೇಪೆ ಹಾಕುವುದು ಕಷ್ಟ, ಸಾಮಾನ್ಯವಾಗಿ ಹಲಗೆಯನ್ನು ಪೂರ್ತಿ ಉಜ್ಜಿಯೇ ಹೊಸದಾಗಿ ಹಾಕಬೇಕು. ನಾಯಿ ಇರುವ ಮನೆಯಲ್ಲಿ ಗೀರು ಬಿದ್ದೇ ಬೀಳುತ್ತದೆ. ಹಾಗಾಗಿ ನಾನು ಅರಗನ್ನೇ ಆರಿಸಿಕೊಂಡೆ. 1937ರಲ್ಲಿ ಅರಗಿನ ಕಾರ್ಖಾನೆ ಶುರುವಾದ ಊರು ಇದು. ಚುನಾವಣೆಯ ಶಾಯಿ ಮಾಡುವ ಮೈಸೂರು ಪೇಂಟ್ಸ್ ಆರಂಭವಾದದ್ದು ಅರಗಿನ ಕೆಲಸದಿಂದಲೇ. ಬಣ್ಣದಂಗಡಿಯಲ್ಲಿ ಅರಗಿನ ಚಕ್ಕೆ ತಂದು, ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಹಾಕಿ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಕೋಟು ಮೇಲೆ ಕೋಟು ಹಚ್ಚಿದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ, ಸ್ಪಿರಿಟ್ ಬೇಗ ಹತ್ತಿಕೊಳ್ಳುತ್ತದೆ. ಈ ಕೆಲಸಕ್ಕೆ ಬೇಸಿಗೆಯೇ ಸರಿ. ಮಳೆಗಾಲದ ತೇವಕ್ಕೆ ಅರಗು ಬೆಳ್ಳಗೆ ಮಂಜು ಕಟ್ಟುತ್ತದೆ.

ಬಡಗಿಯ ಕೂಲಿ ಬಿಟ್ಟರೆ ಸಾಮಾನಿಗೆ ಆದದ್ದು ಮೂರು ಸಾವಿರದೊಳಗೆ.

ರಾಜನ ಹಾಸಿಗೆಯನ್ನು ನಾವು ಆ ಕೋಣೆಯಿಂದ ತೆಗೆಯಲಿಲ್ಲ. ಕೆಳಗೆ ರೆಕ್ಸಿನ್ ಹಾಸಿ, ಅದರ ಅಂಚು ಹಾಸಿಗೆಗಿಂತ ಒಂದು ಮೊಳ ಹೊರಗೆ ಬರುವಂತೆ ಬಿಟ್ಟಿದ್ದೇವೆ. ಬಾಗಿಲ ಬಳಿ ಸೆಣಬಿನ ಚಾಪೆ ಹಾಕಿದ್ದೇವೆ. ಅವನ ಉಗುರನ್ನು ಆಗಾಗ ಕತ್ತರಿಸುತ್ತೇವೆ. ಈಗಲೂ ಒಮ್ಮೊಮ್ಮೆ ನೆಲದ ಮೇಲೆ ಆಗುತ್ತದೆ. ಆಗ ಉಜ್ಜಬಾರದು, ಒಣಬಟ್ಟೆ ಒತ್ತಿ ಹೀರಿಸಬೇಕು. ಆಮೇಲೆ ಹಿಂಡಿದ ಒದ್ದೆ ಬಟ್ಟೆ, ಮತ್ತೆ ಒಣಬಟ್ಟೆ. ಪಾಲಿಶ್ ಮಂಕಾಗಿದ್ದರೆ ಆ ಅಂಗೈಯಷ್ಟು ಜಾಗಕ್ಕೆ ಮಾತ್ರ ಇನ್ನೊಂದು ಕೋಟು ಅರಗು. ಅದಕ್ಕೆಂದೇ ಒಂದು ಸಣ್ಣ ಬಾಟಲಿ ಅರಗನ್ನು ಕಿಟಕಿಯಿಂದ ದೂರ, ತಂಪು ಕಪಾಟಿನಲ್ಲಿ ಇಟ್ಟಿದ್ದೇನೆ. ಕರಗಿಸಿದ ಅರಗು ವರ್ಷಗಟ್ಟಲೆ ಇಟ್ಟರೆ ಸರಿಯಾಗಿ ಒಣಗುವುದಿಲ್ಲ. ಅದಕ್ಕೇ ಬೇಕಾದಷ್ಟನ್ನೇ ಆಗಾಗ ಹೊಸದಾಗಿ ನೆನೆಸಿಕೊಳ್ಳುತ್ತೇನೆ.