ಸೋಲೊ 401(ಕೆ) ಖಾತೆಗೆ ಹಣ ತುಂಬುವ ಕ್ರಮ

ಅಮೆರಿಕದಲ್ಲಿ ಸ್ವಂತ ಉದ್ಯೋಗ ನಡೆಸುವವರು, ತಮ್ಮನ್ನೂ ತಮ್ಮ ಪತಿ ಅಥವಾ ಪತ್ನಿಯನ್ನೂ ಬಿಟ್ಟರೆ ಯೋಜನೆಗೆ ಅರ್ಹರಾದ ಬೇರೆ ನೌಕರರು ಇಲ್ಲದಿದ್ದಲ್ಲಿ, ಸೋಲೊ 401(ಕೆ) ಎಂಬ ನಿವೃತ್ತಿ ಯೋಜನೆಯನ್ನು ತೆರೆಯಬಹುದು. (401(ಕೆ) ಎಂದರೆ ಅಲ್ಲಿನ ಕಂಪನಿಗಳು ನೌಕರರಿಗಾಗಿ ನಡೆಸುವ ನಿವೃತ್ತಿ ಉಳಿತಾಯ ಯೋಜನೆ.) ಸೋಲೊ ಯೋಜನೆಯ ದಾಖಲೆಪತ್ರಗಳು ಸ್ವನಿರ್ದೇಶಿತ ಹೂಡಿಕೆಗೆ, ಅಂದರೆ ಎಲ್ಲಿ ಹೂಡಬೇಕೆಂದು ತಾವೇ ನಿರ್ಧರಿಸಲು, ಅವಕಾಶ ಕೊಟ್ಟಿದ್ದರೆ ಷೇರು, ಮ್ಯೂಚುವಲ್ ಫಂಡುಗಳ ಜೊತೆಗೆ ಮನೆ, ಜಮೀನು, ಖಾಸಗಿ ಸಾಲಪತ್ರಗಳಲ್ಲೂ ಹಣ ತೊಡಗಿಸಬಹುದು. ಎಲ್ಲರ ಗಮನವೂ ಈ ಸ್ವಾತಂತ್ರ್ಯದ ಮೇಲೆಯೇ ಇರುತ್ತದೆ. ಆದರೆ ಹಣ ಯಾರಿಂದ, ಯಾವ ಹೆಸರಿಗೆ, ಯಾವ ದಿನಾಂಕದೊಳಗೆ ಬಂತು ಎಂಬ ಲೆಕ್ಕ ಸರಿಯಿಲ್ಲದಿದ್ದರೆ ಮುಂದಿನ ಹೂಡಿಕೆಗೆ ಬುಡವೇ ಇರುವುದಿಲ್ಲ.

ಮೊದಲಿಗೆ ಯೋಜನೆಯ ಹಣ ಮತ್ತು ಆಸ್ತಿಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವ ಟ್ರಸ್ಟ್‌ಗೆ ಪ್ರತ್ಯೇಕ ಇಐಎನ್ ಸಂಖ್ಯೆಯನ್ನು (ತೆರಿಗೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಪಡೆದು, ಟ್ರಸ್ಟಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಬೇಕು. ವಂತಿಗೆಯನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಹಣವಾಗಿಯೇ ಕಟ್ಟಬೇಕು. ತಮ್ಮದೇ ಮನೆಯನ್ನೋ ನಿವೇಶನವನ್ನೋ ವಂತಿಗೆಯ ಬದಲಿಗೆ ಟ್ರಸ್ಟ್‌ಗೆ ಬರೆದುಕೊಡುವಂತಿಲ್ಲ.

ಎಷ್ಟು ಕಟ್ಟಬಹುದು ಎಂಬುದರಲ್ಲಿ ಎರಡು ಭಾಗಗಳಿವೆ, ಏಕೆಂದರೆ ಇಲ್ಲಿ ಒಬ್ಬರೇ ನೌಕರರೂ ಹೌದು, ಮಾಲೀಕರೂ ಹೌದು. ನೌಕರರ ಪಾಲಿಗೆ 2025ರ ತೆರಿಗೆ ವರ್ಷದ ಮಿತಿ 23,500 ಡಾಲರ್. 50 ವರ್ಷ ತುಂಬಿದವರು ಇದರ ಮೇಲೆ 7,500 ಡಾಲರ್ ಸೇರಿಸಬಹುದು. 60ರಿಂದ 63ರ ವಯಸ್ಸಿನವರಿಗೆ, ಯೋಜನೆಯಲ್ಲಿ ಅವಕಾಶವಿದ್ದರೆ, ಆ ಹೆಚ್ಚುವರಿ ಮೊತ್ತ 11,250 ಡಾಲರ್. ಮಾಲೀಕರ ಪಾಲನ್ನು ಎಣಿಸುವಾಗ ಏಕವ್ಯಕ್ತಿ ಉದ್ಯಮದವರು ಷೆಡ್ಯೂಲ್ ಸಿಯ (ಉದ್ಯಮದ ಲಾಭನಷ್ಟ ತೋರಿಸುವ ತೆರಿಗೆ ನಮೂನೆ) ನಿವ್ವಳ ಲಾಭದಿಂದ ಸ್ವಉದ್ಯೋಗ ತೆರಿಗೆಯ (ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಸ್ವಂತ ಉದ್ಯೋಗದವರು ಕಟ್ಟುವ ತೆರಿಗೆ) ಅರ್ಧವನ್ನು ಕಳೆದು, ಉಳಿದುದರ ಶೇ. 20ರಷ್ಟನ್ನು ಹಿಡಿಯಬೇಕು. ಉದಾಹರಣೆಗೆ ನಿವ್ವಳ ಲಾಭ 80,000 ಡಾಲರ್ ಆಗಿದ್ದರೆ ಸ್ವಉದ್ಯೋಗ ತೆರಿಗೆ ಸುಮಾರು 11,304 ಡಾಲರ್ ಆಗುತ್ತದೆ. ಅದರ ಅರ್ಧ ಕಳೆದರೆ 74,348 ಉಳಿಯುತ್ತದೆ, ಅದರ ಶೇ. 20 ಎಂದರೆ ಸುಮಾರು 14,870. ಹೀಗೆ 50 ತುಂಬದವರು ಎರಡೂ ಪಾಲು ಸೇರಿ ಸುಮಾರು 38,370 ಡಾಲರ್ ಕಟ್ಟಬಹುದು. ಹೆಚ್ಚುವರಿ ಮೊತ್ತವನ್ನು ಬಿಟ್ಟು 2025ಕ್ಕೆ ಒಟ್ಟು ಮಿತಿ 70,000 ಡಾಲರ್. ಎಸ್ ಕಾರ್ಪೊರೇಷನ್ (ಲಾಭದ ಮೇಲಿನ ತೆರಿಗೆಯನ್ನು ಮಾಲೀಕರೇ ಕಟ್ಟುವ ಬಗೆಯ ಕಂಪನಿ) ಇರುವವರು ಅದರಿಂದ ಪಡೆದ, ಡಬ್ಲ್ಯು-2 ಎಂಬ ಸಂಬಳ ಪತ್ರದಲ್ಲಿ ತೋರಿಸಿದ ಸಂಬಳದ ಶೇ. 25ರಷ್ಟನ್ನು ಮಾಲೀಕರ ಪಾಲಾಗಿ ಎಣಿಸುತ್ತಾರೆ. ಲಾಭಾಂಶವಾಗಿ ತೆಗೆದ ಹಣ ಈ ಲೆಕ್ಕಕ್ಕೆ ಬಾರದು.

ಹಗಲು ಕಂಪನಿಯ ಕೆಲಸ, ಸಂಜೆ ಸ್ವಂತ ಕನ್ಸಲ್ಟಿಂಗ್ ಎಂದು ನಡೆಸುವವರು ಒಂದು ಮಾತನ್ನು ಗಮನಿಸಬೇಕು. ನೌಕರರ ಪಾಲಿನ ಮಿತಿ ವ್ಯಕ್ತಿಗೆ ಒಂದೇ. 2025ರ ಮಿತಿಯ ಪ್ರಕಾರ, 50 ತುಂಬದವರಿಗೆ ಕಂಪನಿಯ 401(ಕೆ)ಗೆ ತಮ್ಮ ಪಾಲಾಗಿ ಈಗಾಗಲೇ 15,000 ಡಾಲರ್ ಹೋಗಿದ್ದರೆ ಇಲ್ಲಿ ಉಳಿಯುವುದು 8,500 ಮಾತ್ರ.

ನೌಕರರ ಪಾಲು ಇಷ್ಟು ಎಂಬ ನಿರ್ಧಾರವನ್ನು ಡಿಸೆಂಬರ್ 31ರೊಳಗೆ ಬರೆದು, ಸಹಿ ಹಾಕಿ, ಕಡತದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಏಕವ್ಯಕ್ತಿ ಉದ್ಯಮದವರಿಗೆ ಯೋಜನೆಯ ಮೊದಲ ವರ್ಷಕ್ಕೆ ಮಾತ್ರ ಸೆಕ್ಯೂರ್ 2.0 ಎಂಬ ನಿವೃತ್ತಿ ಉಳಿತಾಯದ ಕಾಯಿದೆ ತೆರಿಗೆ ವಿವರ ಸಲ್ಲಿಸುವ ಏಪ್ರಿಲ್ ಗಡುವಿನವರೆಗೆ ರಿಯಾಯಿತಿ ಕೊಟ್ಟಿದೆ. ಮಾಲೀಕರ ಪಾಲನ್ನು ತೆರಿಗೆ ವಿವರ ಸಲ್ಲಿಸುವ ದಿನದವರೆಗೆ, ವಿಸ್ತರಣೆ ಪಡೆದಿದ್ದರೆ ಆ ವಿಸ್ತರಿತ ದಿನದವರೆಗೆ, ಕಟ್ಟಬಹುದು. ಏಕವ್ಯಕ್ತಿ ಉದ್ಯಮದವರು ತಮಗಾಗಿ ಕಟ್ಟಿದ ವಂತಿಗೆಯ ಕಡಿತವನ್ನು ಷೆಡ್ಯೂಲ್ ಸಿಯಲ್ಲಿ ಖರ್ಚಾಗಿ ತೋರಿಸದೆ ವೈಯಕ್ತಿಕ ತೆರಿಗೆ ವಿವರದ ಷೆಡ್ಯೂಲ್ 1ರಲ್ಲಿ ತೋರಿಸಬೇಕು. ಹೀಗಾಗಿ ಆದಾಯ ತೆರಿಗೆ ತಗ್ಗುತ್ತದೆಯೇ ಹೊರತು ಸ್ವಉದ್ಯೋಗ ತೆರಿಗೆ ತಗ್ಗುವುದಿಲ್ಲ. ರೋತ್ ಪಾಲಿಗೆ, ಅಂದರೆ ತೆರಿಗೆ ಕಟ್ಟಿದ ಹಣದಿಂದ ಹಾಕುವ ವಂತಿಗೆಗೆ, ಈ ಕಡಿತವೇ ಇಲ್ಲ.

ಹೊಸ ವಂತಿಗೆಗಿಂತ ದೊಡ್ಡ ಮೊತ್ತ ಹಲವರಿಗೆ ಹಳೆಯ ಕಂಪನಿಯ 401(ಕೆ) ಅಥವಾ ಸಾಂಪ್ರದಾಯಿಕ ಐಆರ್‌ಎ (ವೈಯಕ್ತಿಕ ನಿವೃತ್ತಿ ಉಳಿತಾಯ) ಖಾತೆಯಿಂದ ಬರುತ್ತದೆ. ರೋತ್ ಐಆರ್‌ಎಯ ಹಣವನ್ನು ಮಾತ್ರ ಇಲ್ಲಿಗೆ ತರುವಂತಿಲ್ಲ. ಯಾವಾಗಲೂ ನೇರ ರೋಲ್‌ಓವರನ್ನೇ (ಹಣ ನಿಮ್ಮ ಕೈಗೆ ಬಾರದೆ ಹಳೆಯ ಖಾತೆಯಿಂದ ಹೊಸ ಯೋಜನೆಗೆ ಹೋಗುವ ವರ್ಗಾವಣೆ) ಕೇಳಿ, ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಸಿಕೊಳ್ಳಬೇಕು. ಹಳೆಯ 401(ಕೆ)ಯ ಚೆಕ್ಕು ನಿಮ್ಮ ಹೆಸರಿಗೆ ಬಂದರೆ ಶೇ. 20 ತೆರಿಗೆ ಮೊದಲೇ ಕಡಿತವಾಗುತ್ತದೆ. 60 ದಿನಗಳೊಳಗೆ ಆ ಕಡಿತವಾದ ಭಾಗವನ್ನೂ ಕೈಯಿಂದ ಭರಿಸಿ ಪೂರ್ತಿ ಮೊತ್ತ ಕಟ್ಟದಿದ್ದರೆ ಕೊರತೆಯಾದಷ್ಟು ಹಣ ಆದಾಯವೆಂದೇ ಗಣನೆಯಾಗುತ್ತದೆ.

ಟ್ರಸ್ಟು ಮನೆ ಕೊಂಡರೆ ಅದರ ರಿಪೇರಿ, ಆಸ್ತಿ ತೆರಿಗೆ, ವಿಮೆ ಎಲ್ಲವೂ ಟ್ರಸ್ಟಿನ ಖಾತೆಯಿಂದಲೇ ಹೋಗಬೇಕು, ಬಾಡಿಗೆಯೂ ಅಲ್ಲಿಗೇ ಬರಬೇಕು. ನೀವಾಗಲಿ, ತಂದೆತಾಯಿಯಾಗಲಿ, ಮಕ್ಕಳಾಗಲಿ ಅದರಲ್ಲಿ ವಾಸಿಸುವಂತಿಲ್ಲ. ಆದ್ದರಿಂದ ಇದ್ದಷ್ಟನ್ನೂ ಖರೀದಿಗೇ ಸುರಿಯದೆ ಒಂದಿಷ್ಟು ನಗದನ್ನು ಖಾತೆಯಲ್ಲಿ ಉಳಿಸಬೇಕು. ವರ್ಷಾಂತ್ಯಕ್ಕೆ ಯೋಜನೆಯ ಒಟ್ಟು ಆಸ್ತಿ 2,50,000 ಡಾಲರ್ ದಾಟಿದರೆ, ಯೋಜನಾ ವರ್ಷ ಡಿಸೆಂಬರಿಗೆ ಮುಗಿಯುವವರು ಮರುವರ್ಷದ ಜುಲೈ 31ರೊಳಗೆ ಫಾರ್ಮ್ 5500-ಇಜೆಡ್ ಎಂಬ ಯೋಜನೆಯ ವಾರ್ಷಿಕ ವಿವರವನ್ನು ಸಲ್ಲಿಸಬೇಕು.